ಭೌತಶಾಸ್ತ್ರ ಓದಿದವರು ಸರ್ಕಾರದ ಸಲಹೆಗಾರರಾಗುವುದು ಹೇಗೆ?

ಪ್ರಶ್ನೆ: ಶಿರಸಿ ತಾಲೂಕಿನ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ.

“ನಮ್ಮ ಕೂಸು ಇಲ್ಲೇ ಶಿರಸಿಯಲ್ಲಿ ಬಿ.ಎಸ್ಸಿ. ಐದನೇ ಸೆಮಿಸ್ಟರ್ ಓದುತ್ತಿದ್ದಾಳೆ. ಭೌತಶಾಸ್ತ್ರ ಮತ್ತು ಗಣಿತ, ಎರಡರಲ್ಲೂ ಒಳ್ಳೆಯ ಅಂಕ. ಬಿ.ಎಡ್. ಮಾಡಿಸಿ, ಇಲ್ಲವೇ ಬೆಂಗಳೂರಿಗೆ ಕಳಿಸಿ ಯಾವುದಾದರೂ ಸಾಫ್ಟ್‌ವೇರ್ ಕೋರ್ಸು ಮಾಡಿಸಿ ಎನ್ನುತ್ತಾರೆ ನೆಂಟರು. ಅವಳು ಮಾತ್ರ ಇಸ್ರೋದಲ್ಲಿದ್ದ ಕಸ್ತೂರಿರಂಗನ್ ಅವರ ಹಾಗೆ ಆಗಬೇಕು ಅನ್ನುತ್ತಾಳೆ. ಮೊದಲು ವಿಜ್ಞಾನ, ಆಮೇಲೆ ವಿಶ್ವವಿದ್ಯಾಲಯ, ಆಮೇಲೆ ಸರ್ಕಾರಕ್ಕೆ ಸಲಹೆ. ನಮ್ಮೂರು ಅವರ ಪಶ್ಚಿಮ ಘಟ್ಟದ ವರದಿಯ ಪಟ್ಟಿಯಲ್ಲಿದೆ. ಗ್ರಾಮಸಭೆಯಲ್ಲಿ ಆ ಹೆಸರು ಎತ್ತಿದರೆ ಜನ ಸಿಟ್ಟಾಗುತ್ತಾರೆ. ಉಪಗ್ರಹ ಹಾರಿಸುವವರು ನಮ್ಮ ಬೆಟ್ಟದ ಬಗ್ಗೆ ಬರೆದದ್ದು ಹೇಗೆ? ಇಂಥ ಜಾಗಕ್ಕೆ ಹೋಗಲು ದಾರಿ ಅಂತ ಒಂದು ಇದೆಯೇ, ಅಥವಾ ಎಲ್ಲ ವಶೀಲಿಯೇ? ಧಾರವಾಡದ ಡಿಗ್ರಿ ಸಾಕೇ? ಕೈಗಾದಲ್ಲಿ ಕೆಲಸಕ್ಕೆ ಸೇರಿದರೆ ಹತ್ತಿರವಾಗುತ್ತದೆಯೇ? ತೋಟದ ಆದಾಯದಲ್ಲಿ ಎಷ್ಟು ವರ್ಷ ಓದಿಸಬೇಕಾದೀತು?”

ಉತ್ತರ:

ಪ್ರಶ್ನೆ ಹಲವಿದ್ದರೂ ನಿಮ್ಮ ಆತಂಕ ಒಂದೇ ಎಂದು ಕಾಣುತ್ತದೆ. ಕೊನೆಗೆ ಸಿಗದೇ ಹೋಗಬಹುದಾದ ಕುರ್ಚಿಯೊಂದನ್ನು ನಂಬಿ ಮಗಳು ಕೈಯಲ್ಲಿರುವ ನೌಕರಿಯ ದಾರಿಗಳನ್ನು ಬಿಟ್ಟುಬಿಡುತ್ತಾಳೇನೋ ಎಂಬುದು. ನೇರವಾಗಿ ಹೇಳುತ್ತೇನೆ. ಆ ಕುರ್ಚಿಯನ್ನು ಗುರಿಯಾಗಿಟ್ಟುಕೊಂಡು ಇಪ್ಪತ್ತನೇ ವಯಸ್ಸಿನಲ್ಲಿ ಯೋಜನೆ ಹಾಕಲು ಬರುವುದಿಲ್ಲ. ಆದರೆ ಅಲ್ಲಿಗೆ ಹೋಗುವ ದಾರಿಯ ಮೊದಲ ಹತ್ತು ವರ್ಷಗಳನ್ನು ಚೆನ್ನಾಗಿಯೇ ಯೋಜಿಸಬಹುದು. ಆ ಹತ್ತು ವರ್ಷ ಸರಿಯಾಗಿ ಸಾಗಿದರೆ, ಮುಂದೆ ಸಲಹೆಗಾರ್ತಿ ಆಗದಿದ್ದರೂ ಕೈಯಲ್ಲಿ ಒಂದು ವೃತ್ತಿ ಇರುತ್ತದೆ.

ಮೊದಲು ಕಸ್ತೂರಿರಂಗನ್ ಅವರದೇ ಹಾದಿ ನೋಡೋಣ. ಹುಟ್ಟಿದ್ದು 1940ರಲ್ಲಿ, ಎರ್ನಾಕುಲಂನಲ್ಲಿ. ಓದಿದ್ದು ಮುಂಬಯಿಯಲ್ಲಿ. 1971ರಲ್ಲಿ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದಿಂದ ಖಭೌತವಿಜ್ಞಾನದಲ್ಲಿ ಪಿಎಚ್.ಡಿ. ಆಮೇಲೆ ಇಸ್ರೋದಲ್ಲಿ ಭಾಸ್ಕರ-1 ಮತ್ತು ಭಾಸ್ಕರ-2 ಉಪಗ್ರಹಗಳ ಯೋಜನಾ ನಿರ್ದೇಶಕ. ಇವು ಭೂಮಿಯನ್ನು ಮೇಲಿನಿಂದ ನೋಡಲು ನಮ್ಮವರು ಮಾಡಿದ ಮೊದಲ ಉಪಗ್ರಹಗಳು. 1994ರಿಂದ 2003ರವರೆಗೆ ಇಸ್ರೋ ಅಧ್ಯಕ್ಷ. ಅಲ್ಲಿಂದ ನಿವೃತ್ತರಾದ ಮೇಲೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯ, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕ, ಕರ್ನಾಟಕ ಜ್ಞಾನ ಆಯೋಗದ ಅಧ್ಯಕ್ಷ, ಯೋಜನಾ ಆಯೋಗದ ಸದಸ್ಯ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ಕುಲಾಧಿಪತಿ. 2012ರಲ್ಲಿ ಪಶ್ಚಿಮ ಘಟ್ಟದ ಉನ್ನತ ಮಟ್ಟದ ಕಾರ್ಯತಂಡ, 2017ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು ಸಮಿತಿ. ತೀರಿಕೊಂಡದ್ದು 2025ರ ಏಪ್ರಿಲ್‌ನಲ್ಲಿ.

ವಯಸ್ಸಿನ ಲೆಕ್ಕ ಹಾಕಿದರೆ ಮಗಳಿಗೆ ಒಂದು ಸಂಗತಿ ಹೊಳೆದೀತು. ಮೊದಲ ಮೂವತ್ತು ವರ್ಷ ಓದು, ಮುಂದಿನ ಮೂವತ್ತೆರಡು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿಮೆ. ನಾವು ಪತ್ರಿಕೆಯಲ್ಲಿ ಓದಿದ ಸಮಿತಿಗಳೆಲ್ಲ ಅರವತ್ತೆರಡರ ನಂತರದವು. ನಿಮ್ಮ ಊರಿನ ಹೆಸರು ಪಟ್ಟಿಗೆ ಬಂದಾಗ ಅವರಿಗೆ ಎಪ್ಪತ್ತೆರಡು.

ಇನ್ನು ಬಾಹ್ಯಾಕಾಶದಿಂದ ಬೆಟ್ಟಕ್ಕೆ. ಇದರಲ್ಲಿ ಗುಟ್ಟೇನೂ ಇಲ್ಲ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಅದು ಘಟ್ಟವನ್ನು ಸುಮಾರು 9 ಕಿ.ಮೀ. ಉದ್ದ, ಅಷ್ಟೇ ಅಗಲದ ಚೌಕಗಳಾಗಿ ವಿಂಗಡಿಸಿತ್ತು. ರಾಜ್ಯಗಳಿಂದ ಆಕ್ಷೇಪ ಬಂತು. ಆಕ್ಷೇಪಗಳ ಬೆಳಕಿನಲ್ಲಿ ಆ ವರದಿಯನ್ನು ಮತ್ತೆ ಪರಿಶೀಲಿಸಿ ಎಂದು ಕೇಂದ್ರ ಪರಿಸರ ಸಚಿವಾಲಯ ಎರಡನೇ ತಂಡ ಮಾಡಿತು. ಹಳ್ಳಿ ಮಟ್ಟದ ಗಡಿ ಬೇಕೆಂದರೆ ಉಪಗ್ರಹ ಚಿತ್ರ ಬೇಕು. ಉಪಗ್ರಹ ಚಿತ್ರ ಎಂದಾಗ ಯಾರ ಹೆಸರು ಮೊದಲು ನೆನಪಾಗುತ್ತದೆ? 24 ಮೀಟರ್ ಸ್ಪಷ್ಟತೆಯ ಚಿತ್ರ ಕೊಡುವ ಕ್ಯಾಮೆರಾ ನಮ್ಮ ದೇಶದ ಉಪಗ್ರಹದಲ್ಲಿ ಮೊದಲು ಹಾರಿದ್ದು 1995ರ ಡಿಸೆಂಬರಿನಲ್ಲಿ, ಐಆರ್‌ಎಸ್-1ಸಿ ಜೊತೆ, ಕಸ್ತೂರಿರಂಗನ್ ಅವರೇ ಇಸ್ರೋ ಅಧ್ಯಕ್ಷರಾಗಿದ್ದಾಗ. ಅವರನ್ನು ಕರೆದದ್ದು ಕಾಡಿನ ಜ್ಞಾನಕ್ಕಲ್ಲ, ಅಳತೆಯ ಜ್ಞಾನಕ್ಕೆ.

ಅದೇ ಅಳತೆಗೆ ಒಂದು ಮಿತಿಯೂ ಇದೆ. ನಿಮ್ಮ ಸೀಮೆಯಲ್ಲಿ ಅದು ಎದ್ದು ಕಾಣುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 24 ಮೀಟರ್ ಚೌಕವೆಂದರೆ 576 ಚದರ ಮೀಟರ್, ಸುಮಾರು ಐದೂಮುಕ್ಕಾಲು ಗುಂಟೆ. ಇಷ್ಟು ಜಾಗದಿಂದ ಬರುವ ಬೆಳಕನ್ನೆಲ್ಲ ಉಪಗ್ರಹ ಒಂದೇ ಚುಕ್ಕಿಯಾಗಿ ದಾಖಲಿಸುತ್ತದೆ. ಶಿರಸಿ–ಸಿದ್ದಾಪುರದ ತೋಟಗಳು ಕಣಿವೆಯ ಉದ್ದಕ್ಕೂ ಸಪೂರ ಪಟ್ಟಿಯಾಗಿ ಇಳಿಯುತ್ತವೆ, ಎರಡೂ ಬದಿಗೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡು, ಅಂದರೆ ಸೊಪ್ಪಿನ ಬೆಟ್ಟ. ಅಂಚಿನ ಚುಕ್ಕಿಗಳಲ್ಲಿ ಅಡಿಕೆ, ಬಾಳೆ, ಮೆಣಸಿನ ಬಳ್ಳಿ, ಬೆಟ್ಟದ ಮರ ಎಲ್ಲ ಬೆರೆತಿರುತ್ತವೆ. ಹಸಿರೆಲೆ ಅವಗೆಂಪು ಬೆಳಕನ್ನು ಬಲವಾಗಿ ಪ್ರತಿಫಲಿಸುತ್ತದೆ. ಅದು ನೆಟ್ಟ ಮರದ ಎಲೆಯೋ ತಾನಾಗಿ ಬೆಳೆದ ಮರದ ಎಲೆಯೋ ಎಂದು ಬೇರ್ಪಡಿಸಲು ಬೇರೆ ಬೇರೆ ಋತುವಿನ ಚಿತ್ರ ಬೇಕು, ನೆಲದ ಮೇಲೆ ಹೋಗಿ ತಾಳೆ ನೋಡಬೇಕು. ಆ ಬೆಟ್ಟದ ಮೇಲೆ ಯಾವ ತೋಟಕ್ಕೆ ಹಕ್ಕಿದೆ ಎಂಬುದಂತೂ ಯಾವ ಕ್ಯಾಮೆರಾದಲ್ಲೂ ಮೂಡುವುದಿಲ್ಲ.

ಇದರ ಮೇಲೆ ಇನ್ನೊಂದು ನಿಯಮ ಬಂತು. ಹಳ್ಳಿಯ ವಿಸ್ತೀರ್ಣದಲ್ಲಿ ಶೇ. 20 ಅಥವಾ ಹೆಚ್ಚು ಭಾಗ ಪರಿಸರದ ದೃಷ್ಟಿಯಿಂದ ಸೂಕ್ಷ್ಮ ಎಂದು ಕಂಡರೆ ಇಡೀ ಹಳ್ಳಿ ಪಟ್ಟಿಗೆ. ಹೀಗಾಗಿ ಆರು ರಾಜ್ಯಗಳಲ್ಲಿ ಸುಮಾರು 60,000 ಚದರ ಕಿ.ಮೀ., ಅಂದರೆ ತಂಡ ಗುರುತಿಸಿದ ಘಟ್ಟದ ಶೇ. 37ರಷ್ಟು, ಪರಿಸರ ಸೂಕ್ಷ್ಮ ಪ್ರದೇಶದ ಶಿಫಾರಸಿಗೆ ಒಳಪಟ್ಟಿತು. ಅದರಲ್ಲಿ ಕರ್ನಾಟಕದ್ದು 20,668 ಚದರ ಕಿ.ಮೀ., 1,576 ಹಳ್ಳಿ. ಶೇ. 20 ಎಂಬ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಅದು ತೀರ್ಮಾನ. ತಜ್ಞರ ವರದಿಗಳಲ್ಲಿ ಅಳತೆಯೂ ತೀರ್ಮಾನವೂ ಒಂದೇ ದನಿಯಲ್ಲಿ ಬರೆದಿರುತ್ತವೆ, ಅವನ್ನು ಬಿಡಿಸಿ ಓದುವ ಅಭ್ಯಾಸವನ್ನು ಮಗಳು ಈಗಲೇ ಮಾಡಿಕೊಳ್ಳಲಿ. ನಿಮ್ಮ ಊರಿನ ಪಟ್ಟಿಯೇ ಅವಳಿಗೆ ಒಳ್ಳೆಯ ಪಠ್ಯ.

ಗ್ರಾಮಸಭೆಯಲ್ಲಿ ಕೇಳಿಬರುವ ಒಂದು ಮಾತನ್ನೂ ಇಲ್ಲೇ ಸರಿಪಡಿಸಬೇಕು. ವರದಿ ನಿಷೇಧಿಸಿ ಎಂದದ್ದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ, ಅಂದರೆ ಹೆಚ್ಚು ಮಾಲಿನ್ಯದ ಹೊಸ ಕೈಗಾರಿಕೆ, 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡ ಮತ್ತು ಟೌನ್‌ಶಿಪ್‌ಗಳನ್ನು. ಅಡಿಕೆ ತೋಟ ಮಾಡಬಾರದು, ಊರು ಬಿಡಬೇಕು ಎಂದು ಅದರಲ್ಲಿಲ್ಲ. ಹಾಗಂತ ಜನರ ಭಯ ಬರೀ ವದಂತಿಯಿಂದ ಹುಟ್ಟಿದ್ದೂ ಅಲ್ಲ. ಬೆಟ್ಟದ ಹಕ್ಕು, ಅತಿಕ್ರಮಣ ಸಕ್ರಮದ ಅರ್ಜಿ ಇವೆಲ್ಲ ತಲೆಮಾರಿನಿಂದ ಇತ್ಯರ್ಥವಾಗದೆ ಉಳಿದಿರುವ ಜಿಲ್ಲೆಯಲ್ಲಿ ಇನ್ನೊಂದು ಗೆರೆ ಬಿದ್ದರೆ ಜನ ಬೆಚ್ಚುವುದು ಸಹಜ.

ವರದಿ ಬಂದ ಮೇಲೆ ಏನಾಯಿತು ಎಂಬುದು ನಿಮ್ಮ ಮಗಳಿಗೆ ಅದಕ್ಕಿಂತ ಮುಖ್ಯ. 2013ರ ಏಪ್ರಿಲಿನಲ್ಲಿ ವರದಿ ಸಲ್ಲಿಕೆಯಾಯಿತು. 2014ರ ಮಾರ್ಚಿನಲ್ಲಿ ಮೊದಲ ಕರಡು ಅಧಿಸೂಚನೆ. ಅದರ ಅವಧಿ ಮುಗಿದು ಮತ್ತೊಂದು, ಹೀಗೆ ಆರನೆಯದು 2024ರ ಜುಲೈ 31ರಂದು ಹೊರಬಿತ್ತು. ಕರ್ನಾಟಕ ಸರ್ಕಾರ, ಯಾವ ಪಕ್ಷದ್ದಿರಲಿ, ವಿರೋಧಿಸುತ್ತಲೇ ಬಂದಿದೆ. ಶಿಕ್ಷಣ ನೀತಿಯದೂ ಹೆಚ್ಚುಕಡಿಮೆ ಇದೇ ಕಥೆ. ಅವರ ಸಮಿತಿ 2019ರಲ್ಲಿ ಕರಡು ಕೊಟ್ಟಿತು, 2020ರ ಜುಲೈನಲ್ಲಿ ಕೇಂದ್ರ ಒಪ್ಪಿತು, 2021ರಲ್ಲಿ ಎಲ್ಲರಿಗಿಂತ ಮೊದಲು ಕರ್ನಾಟಕ ಜಾರಿ ಮಾಡಿತು, 2024–25ರಿಂದ ಅದೇ ಕರ್ನಾಟಕ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ವಾಪಸಾಯಿತು. ಸಲಹೆಗಾರನ ಕೈಯಲ್ಲಿ ಆದೇಶವಿಲ್ಲ, ಇರುವುದು ಶಿಫಾರಸು ಮಾತ್ರ. ಪ್ರಶ್ನೆ ಏನು ಎಂಬುದನ್ನೂ ಸರ್ಕಾರವೇ ಬರೆದುಕೊಡುತ್ತದೆ. ವರದಿ ಒಪ್ಪುವುದು, ಬಿಡುವುದು, ಕಪಾಟಿನಲ್ಲಿ ಇಡುವುದು ಬೇರೆಯವರ ಕೆಲಸ, ಬೈಗುಳ ಮಾತ್ರ ಹೆಸರಿನವರಿಗೆ. ಇದನ್ನು ಸಹಿಸುವ ಮನಸ್ಸಿಲ್ಲದಿದ್ದರೆ ಈ ಉದ್ಯೋಗ ಬೇಡ.

ವಶೀಲಿಯ ಪ್ರಶ್ನೆಗೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ಕುರ್ಚಿಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಕುಲಾಧಿಪತಿಯದು ಬಹುಮಟ್ಟಿಗೆ ಗೌರವದ ಸ್ಥಾನ. ಕಸ್ತೂರಿರಂಗನ್ ಜೆಎನ್‌ಯುನಲ್ಲಿ ಕುಲಾಧಿಪತಿಯಾಗಿದ್ದರು, ದಿನದ ಆಡಳಿತ ಅವರದಾಗಿರಲಿಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕುಲಾಧಿಪತಿ ಎಂದರೆ ಸಾಮಾನ್ಯವಾಗಿ ರಾಜ್ಯಪಾಲರು. ಆಡಳಿತ ನಡೆಸುವವರು ಕುಲಪತಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಕುಲಪತಿಯಾಗಲು ಪ್ರಾಧ್ಯಾಪಕರಾಗಿ ಕನಿಷ್ಠ 10 ವರ್ಷ, ಅಥವಾ ಹೆಸರಾಂತ ಸಂಶೋಧನಾ ಸಂಸ್ಥೆಯಲ್ಲಿ ಶೈಕ್ಷಣಿಕ ನಾಯಕತ್ವದ ಜೊತೆ 10 ವರ್ಷ ಆಗಿರಬೇಕು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ ಪ್ರಕಾರ ಶೋಧನಾ ಸಮಿತಿ ಮೂರು ಹೆಸರು ಕೊಡುತ್ತದೆ, ಅದರಲ್ಲಿ ಒಬ್ಬರನ್ನು ಸರ್ಕಾರದ ಸಹಮತಿಯೊಂದಿಗೆ ಕುಲಾಧಿಪತಿ ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ.

ವಶೀಲಿ ಇಲ್ಲವೇ ಇಲ್ಲ ಎಂದರೆ ನೀವು ನಗುತ್ತೀರಿ. ಮೂವರಲ್ಲಿ ಒಬ್ಬರನ್ನು ಆರಿಸುವಾಗ ಜಾತಿ, ಪ್ರಾಂತ್ಯ, ಯಾರು ಯಾರಿಗೆ ಗೊತ್ತು ಎಂಬುದೆಲ್ಲ ಕೆಲಸ ಮಾಡುತ್ತದೆ. ಆದರೆ ಆ ಮೂವರ ಪಟ್ಟಿಗೆ ಬರುವ ತನಕದ ಇಪ್ಪತ್ತೈದು ವರ್ಷಗಳ ದಾರಿಯಲ್ಲಿ ವಶೀಲಿಗೆ ಅಷ್ಟು ಬಲವಿಲ್ಲ. ಪಿಎಚ್.ಡಿ., ಪ್ರಕಟಣೆ, ಸೇವಾವಧಿ ಇವೆಲ್ಲ ಕಾಗದದ ಮೇಲೆ ತೋರಿಸಬೇಕಾದವು. ಕುಲಪತಿಯ ದಿನಚರಿಯೂ ನಿಮ್ಮ ಮಗಳು ಅಂದುಕೊಂಡ ಹಾಗಿರುವುದಿಲ್ಲ. ತಡವಾದ ಫಲಿತಾಂಶ, ಸಿಗದ ಅಂಕಪಟ್ಟಿ, ಪಿಂಚಣಿಗೆ ಸಾಲದ ಅನುದಾನ, ಸಿಂಡಿಕೇಟ್ ಸಭೆಯ ಜಗಳ, ಕೋರ್ಟ್ ನೋಟಿಸು. ಭೌತಶಾಸ್ತ್ರ ಇದಾವುದನ್ನೂ ಕಲಿಸುವುದಿಲ್ಲ. ಕಲಿಯುವುದು ವಿಭಾಗ ಮುಖ್ಯಸ್ಥ, ಅಧ್ಯಯನ ಮಂಡಳಿ ಅಧ್ಯಕ್ಷ, ಡೀನ್, ಮೌಲ್ಯಮಾಪನ ಕುಲಸಚಿವ ಎಂಬ ಮೆಟ್ಟಿಲುಗಳಲ್ಲಿ. ಪರೀಕ್ಷಾ ವಿಭಾಗದಲ್ಲಿ ಎರಡು ವರ್ಷ ಕೆಲಸ ಮಾಡಿದವರು ವಿಶ್ವವಿದ್ಯಾಲಯವನ್ನು ಅರಿತಷ್ಟು ಸಂಶೋಧನೆಯಲ್ಲಿ ಮಾತ್ರ ಮುಳುಗಿದವರು ಅರಿತಿರುವುದಿಲ್ಲ.

ಭೌತವಿಜ್ಞಾನಿಗಳೇ ಯಾಕೆ ಇಷ್ಟು ಮಂದಿ ಎಂಬುದಕ್ಕೆ ಇತಿಹಾಸದಲ್ಲಿ ಕಾರಣವಿದೆ. ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರ ಹುದ್ದೆ ನೋಡಿ. 1948ರಲ್ಲಿ ಡಿ.ಎಸ್. ಕೊಠಾರಿ, 1961ರಲ್ಲಿ ಎಸ್. ಭಗವಂತಂ, 1970ರಲ್ಲಿ ಬಿ.ಡಿ. ನಾಗ್‌ಚೌಧುರಿ, 1974ರಲ್ಲಿ ಎಂ.ಜಿ.ಕೆ. ಮೆನನ್, 1978ರಲ್ಲಿ ನಮ್ಮ ತುಮಕೂರಿನ ರಾಜಾ ರಾಮಣ್ಣ. ಐವರೂ ಭೌತವಿಜ್ಞಾನಿಗಳೇ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ, ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳ ಪ್ರಯೋಗ ನಡೆಸಿದ ತಂಡದವರು, 1986ರಿಂದ ಪ್ರಧಾನಿಯ ವೈಜ್ಞಾನಿಕ ಸಲಹೆಗಾರ. ವಿಶ್ವವಿದ್ಯಾಲಯ ಮತ್ತು ಸರ್ಕಾರ ಎರಡನ್ನೂ ಕಂಡವರಲ್ಲಿ ಭಗವಂತಂ ಒಳ್ಳೆಯ ಉದಾಹರಣೆ. ರಾಮನ್ ಅವರ ಶಿಷ್ಯ, ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿ, 1957ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ, ಅಲ್ಲಿಂದ ರಕ್ಷಣಾ ಸಚಿವಾಲಯ. ಕೊಠಾರಿ ಮತ್ತು ನಾಗ್‌ಚೌಧುರಿ ಶಿಕ್ಷಣ ಕ್ಷೇತ್ರಕ್ಕೆ ತಿರುಗಿ ಬಂದರು. ಸಲಹೆಗಾರಿಕೆಯ ನಂತರ ಕೊಠಾರಿ ಯುಜಿಸಿ ಅಧ್ಯಕ್ಷರಾದರು, ನಾಗ್‌ಚೌಧುರಿ ಜೆಎನ್‌ಯು ಕುಲಪತಿ.

1945ರ ನಂತರ ಹಲವು ದೇಶಗಳು ಪರಮಾಣು, ರೇಡಾರ್, ರಾಕೆಟ್‌ಗಳಿಗೆ ಹಣ ಸುರಿದವು. ದೊಡ್ಡ ಯಂತ್ರ, ನೂರಾರು ಜನರ ತಂಡ, ವಿದೇಶಿ ವಿನಿಮಯದ ಲೆಕ್ಕ, ಗುತ್ತಿಗೆದಾರರ ಜೊತೆ ಚೌಕಾಶಿ ಇವನ್ನೆಲ್ಲ ನಿಭಾಯಿಸಲು ಮೊದಲು ಕಲಿತ ವಿಜ್ಞಾನಿಗಳು ಇವರು. ಸರ್ಕಾರಕ್ಕೆ ಬೇಕಾಗಿದ್ದುದೂ ಅದೇ. ಅಂದು ಇಂಥವರ ಸಂಖ್ಯೆ ಕಡಿಮೆ, ಹಾಗಾಗಿ ಕೊಠಾರಿ 42ಕ್ಕೇ ಸಲಹೆಗಾರರು, ಮೆನನ್ 38ಕ್ಕೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರು. ಇಂದು ಆ ವಯಸ್ಸಿಗೆ ಸಹ ಪ್ರಾಧ್ಯಾಪಕರಾದರೆ ಚೆನ್ನಾಗಿ ಸಾಗಿದೆ ಎನ್ನಬೇಕು. 1999ರಲ್ಲಿ ಹುಟ್ಟಿದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಹುದ್ದೆಯಲ್ಲಿ ಕಲಾಂ ಅವರ ನಂತರ ದೀರ್ಘಕಾಲ ಇದ್ದವರು ಭೌತವಿಜ್ಞಾನಿ ಆರ್. ಚಿದಂಬರಂ. ಅವರ ಬಳಿಕ 2018ರಲ್ಲಿ ಜೀವವಿಜ್ಞಾನಿ ವಿಜಯರಾಘವನ್ ಬಂದರು. 2022ರಲ್ಲಿ ಮತ್ತೆ ಭೌತವಿಜ್ಞಾನಿ, ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಕುಮಾರ್ ಸೂದ್, ಎಪ್ಪತ್ತರ ಆಸುಪಾಸಿನಲ್ಲಿ. ಇನ್ನು ಮುಂದೆ ಈ ಕುರ್ಚಿಗಳು ಭೌತಶಾಸ್ತ್ರದ ಸ್ವತ್ತಾಗಿ ಉಳಿಯಲಾರವು. ಹವಾಮಾನ, ಆರೋಗ್ಯ, ಕಂಪ್ಯೂಟರ್ ಚಿಪ್, ದತ್ತಾಂಶ ಎಂದು ಸರ್ಕಾರದ ಪ್ರಶ್ನೆಗಳು ಹರಡಿಕೊಂಡಿವೆ.

ಈಗಿನ ನಿಯಮದಲ್ಲಿ ಕಾಲದ ಲೆಕ್ಕ ಹೀಗಿದೆ. ಬಿ.ಎಸ್ಸಿ. 21ಕ್ಕೆ, ಎಂ.ಎಸ್ಸಿ. 23ಕ್ಕೆ, ಪಿಎಚ್.ಡಿ. 28–29ಕ್ಕೆ, ಆಮೇಲೆ ಎರಡರಿಂದ ನಾಲ್ಕು ವರ್ಷ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ. ಸಹಾಯಕ ಪ್ರಾಧ್ಯಾಪಕಿಯಾಗುವಾಗ 32–33. ನೇರ ನೇಮಕದಲ್ಲಿ ಸಹ ಪ್ರಾಧ್ಯಾಪಕ ಹುದ್ದೆಗೆ 8 ವರ್ಷದ, ಪ್ರಾಧ್ಯಾಪಕ ಹುದ್ದೆಗೆ 10 ವರ್ಷದ ಅನುಭವ ಕನಿಷ್ಠ. ಖಾಲಿ ಹುದ್ದೆ ಭರ್ತಿಯಾಗುವ ವೇಗ ನೋಡಿದರೆ 45ಕ್ಕೆ ಪ್ರಾಧ್ಯಾಪಕಿ, 55ಕ್ಕೆ ಕುಲಪತಿ ಹುದ್ದೆಗೆ ಅರ್ಹತೆ ಎನ್ನುವುದು ವಾಸ್ತವದ ಅಂದಾಜು.

ಮುಂದಿನ ಒಂದು ವರ್ಷ ನಿಮ್ಮ ಕೈಯಲ್ಲಿದೆ, ಅಲ್ಲಿಗೆ ಬರೋಣ. ಮೂರು ವರ್ಷದ ಬಿ.ಎಸ್ಸಿ. ಆದ್ದರಿಂದ ನೇರ ಪಿಎಚ್.ಡಿ. ದಾರಿ ಸಾಮಾನ್ಯವಾಗಿ ಮುಚ್ಚಿದೆ, ಎಂ.ಎಸ್ಸಿ. ಬೇಕು. ಮೊದಲ ಆಯ್ಕೆ ಜಾಮ್, ಅಂದರೆ ಎಂ.ಎಸ್ಸಿ.ಗೆ ದೇಶಮಟ್ಟದ ಪ್ರವೇಶ ಪರೀಕ್ಷೆ. ಅರ್ಜಿ ಸೆಪ್ಟೆಂಬರ್ ಹೊತ್ತಿಗೆ ಶುರು, ಪರೀಕ್ಷೆ ಫೆಬ್ರವರಿಯಲ್ಲಿ, ಅಂತಿಮ ವರ್ಷದವರು ಬರೆಯಬಹುದು, ವಯೋಮಿತಿ ಇಲ್ಲ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಐಐಟಿಗಳ ಎಂ.ಎಸ್ಸಿ.ಗೆ ಇದೇ ಬಾಗಿಲು. ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಜಾಮ್ ಅಂಕ ಪರಿಗಣಿಸುತ್ತಾರೆ. ಅಲ್ಲಿ ಎಂ.ಎಸ್ಸಿ. ಮತ್ತು ಪಿಎಚ್.ಡಿ. ಒಟ್ಟಿಗೆ, ಮೊದಲ ವರ್ಷದಿಂದಲೇ ವಿದ್ಯಾರ್ಥಿವೇತನ. ಹೈದರಾಬಾದ್ ವಿಶ್ವವಿದ್ಯಾಲಯ, ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ ಮುಂತಾದವಕ್ಕೆ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಇವೆರಡೂ ಕೈಕೊಟ್ಟರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇದ್ದೇ ಇದೆ. ಧಾರವಾಡದ ಡಿಗ್ರಿ ಸಾಕೇ ಎಂದು ಕೇಳಿದ್ದೀರಿ. ಸಾಕು. ಅರ್ಜಿಯಲ್ಲಿ ಅದು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಓದಿದ ಕ್ರಮ. ನಮ್ಮ ಪರೀಕ್ಷೆಗಳು ಸೂತ್ರ ಸಾಧಿಸಿ ಬರೆಯುವುದನ್ನು ಕಲಿಸುತ್ತವೆ, ಜಾಮ್ ಕೇಳುವುದು ಕೊನೆಯ ಸಂಖ್ಯೆಯನ್ನು. ಸೂತ್ರವೆಲ್ಲ ಬಾಯಿಪಾಠವಿದ್ದೂ ಏಕಮಾನ ತಪ್ಪಿ, ಹತ್ತರ ಘಾತ ತಪ್ಪಿ ಅಂಕ ಕಳೆದುಕೊಳ್ಳುವವರೇ ಹೆಚ್ಚು. 20 ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಸಂಖ್ಯೆ ಟೈಪ್ ಮಾಡಬೇಕು, ಅವಕ್ಕೆ ಋಣಾಂಕವೂ ಇಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಕೈ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ, ಪರದೆಯ ಮೇಲಿನದನ್ನೇ ಬಳಸಬೇಕು. ಅದರಲ್ಲಿ ಈಗಿನಿಂದಲೇ ಕೈ ಪಳಗಿಸಿಕೊಳ್ಳಲಿ. ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ, ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ದುಬಾರಿ ಕೋಚಿಂಗ್ ಬೇಕಾಗದು.

ಕೈಗಾದ ವಿಷಯದಲ್ಲಿ ಕಾರವಾರ, ಯಲ್ಲಾಪುರ ಕಡೆಯ ಪಾಲಕರಿಗೆಲ್ಲ ಇರುವ ತಪ್ಪು ಕಲ್ಪನೆ ನಿಮಗೂ ಇದೆ. ಕೈಗಾ ಅಣುವಿದ್ಯುತ್ ಉತ್ಪಾದಿಸುವ ಸ್ಥಾವರ. 220 ಮೆಗಾವಾಟಿನ ನಾಲ್ಕು ಘಟಕ. ಮೊದಲ ಘಟಕ 2018ರ ಕೊನೆಯ ದಿನದವರೆಗೆ ಸತತ 962 ದಿನ ಓಡಿ ದಾಖಲೆ ಮಾಡಿತ್ತು. ಅದು ಕಾರ್ಯಾಚರಣೆಯ ಶಿಸ್ತಿನ ಜಾಗ, ಹೊಸ ಭೌತಶಾಸ್ತ್ರ ಹುಡುಕುವ ಜಾಗವಲ್ಲ. ಬಿ.ಎಸ್ಸಿ. ಆದವರಿಗೆ ಅಲ್ಲಿ ಸಿಗುವುದು ತರಬೇತಿ ವೇತನದ ವೈಜ್ಞಾನಿಕ ಸಹಾಯಕ ಹುದ್ದೆ. ಶೇ. 60 ಅಂಕ ಬೇಕು, ವಯೋಮಿತಿ ಬಿಗಿ, ವಿಕಿರಣ ಅಳೆಯುವ ಆರೋಗ್ಯ ಭೌತಶಾಸ್ತ್ರದಂಥ ಕೆಲಸ. ಮನೆಗೆ ಹತ್ತಿರದ ಭದ್ರ ನೌಕರಿ ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ಜಿಲ್ಲೆಯಲ್ಲಿ ಸಿಗಲಾರದು. ಆದರೆ ಅಲ್ಲಿಂದ ಸಂಶೋಧನೆಗೆ ಜಿಗಿಯುವುದು ಕಷ್ಟ. ಚಿದಂಬರಂ, ರಾಮಣ್ಣ ಬಂದದ್ದು ಟ್ರಾಂಬೆಯ ಪ್ರಯೋಗಾಲಯದಿಂದ. ಆ ದಾರಿ ಬೇಕಿದ್ದರೆ ಎಂ.ಎಸ್ಸಿ. ಮುಗಿಸಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಒಂದು ವರ್ಷದ ತರಬೇತಿ ಶಾಲೆಗೆ ಅರ್ಜಿ ಹಾಕಬೇಕು.

ಇನ್ನೊಂದು ದಾರಿಯನ್ನು ನಮ್ಮ ಜಿಲ್ಲೆಯವರು ಯಾಕೋ ನೋಡುವುದೇ ಇಲ್ಲ. ಸಮುದ್ರ ಮತ್ತು ನೆಲದ ಭೌತಶಾಸ್ತ್ರ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇರುವುದು ಗೋವಾದ ದೋನಾಪಾವ್ಲಾದಲ್ಲಿ, ಕಾರವಾರದಿಂದ ಸುಮಾರು ನೂರು ಕಿ.ಮೀ. ಅಲೆ, ಪ್ರವಾಹ, ಮರಳಿನ ಚಲನೆ ಇವೆಲ್ಲ ಶುದ್ಧ ಭೌತಶಾಸ್ತ್ರದ ಲೆಕ್ಕಗಳು, ಎಂ.ಎಸ್ಸಿ. ಭೌತಶಾಸ್ತ್ರದವರು ಇಲ್ಲಿ ಸಲ್ಲುತ್ತಾರೆ. ಅಂಕೋಲೆಯಿಂದ ಹೊನ್ನಾವರದವರೆಗೆ ಬಂದರಿನ ಪ್ರಸ್ತಾಪ, ಕಡಲ ಕೊರೆತ, ಅಳಿವೆಗಳಲ್ಲಿ ತುಂಬುವ ಹೂಳು ಎಲ್ಲಕ್ಕೂ ಇಂಥ ಲೆಕ್ಕ ಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯಲ್ಲಿ, ಗಂಗಾವಳಿ ನದಿಯ ನೀರಿನಲ್ಲಿ ಹುಡುಕಲು ನೆಲಭೇದಿ ರೇಡಾರ್, ಸೋನಾರ್ ತರಿಸಬೇಕಾಯಿತು. ಗುಡ್ಡದೊಳಗೆ ನೀರಿನ ಒತ್ತಡ ಎಷ್ಟು, ಯಾವ ಕೋನದಲ್ಲಿ ಕಡಿದರೆ ನಿಲ್ಲುತ್ತದೆ ಎಂದು ಮಳೆಗಾಲಕ್ಕೆ ಮೊದಲೇ ಜಿಲ್ಲಾಧಿಕಾರಿಗೆ ಬರೆದುಕೊಡಬಲ್ಲವರು ಸಹ ಸರ್ಕಾರದ ಸಲಹೆಗಾರರೇ. ಸಲಹೆಗಾರಿಕೆಗೆ ಅರ್ಜಿ ನಮೂನೆ ಇರುವುದಿಲ್ಲ. ಚಿಕ್ಕ ಸಮಿತಿಯಲ್ಲಿ ಹೇಳಿದ ದಿನಕ್ಕೆ, ಹತ್ತು ಪುಟದಲ್ಲಿ, ಅಧಿಕಾರಿಗೆ ಅರ್ಥವಾಗುವಂತೆ ಬರೆದುಕೊಟ್ಟವರನ್ನು ಮುಂದಿನ ಸಮಿತಿಗೆ ಕರೆಯುತ್ತಾರೆ. ದೊಡ್ಡ ಹೆಸರುಗಳೂ ಬಹುಪಾಲು ಹೀಗೆಯೇ ಬೆಳೆದಿವೆ.

ಬಿ.ಎಡ್. ಬಗ್ಗೆ ನೆಂಟರ ಮಾತು ತೀರಾ ತಪ್ಪಲ್ಲ. ಗೌರಿಬಿದನೂರಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅಮೆರಿಕದ ಓಹಿಯೋದಲ್ಲಿ ಪಿಎಚ್.ಡಿ. ಮುಗಿಸಿದ್ದು 1960ರಲ್ಲಿ, ನಲವತ್ತನೇ ವಯಸ್ಸಿಗೆ. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಅವರನ್ನು ಬೆಳೆಸಿದ್ದು ತರಗತಿ. ಆದರೆ ಬಿ.ಎಡ್. ಮಾಡಿ ಎರಡು ವರ್ಷ ಬಿಟ್ಟು ಜಾಮ್‌ಗೆ ಕೂರುತ್ತೇನೆ ಎನ್ನುವವರಲ್ಲಿ ಬಹಳಷ್ಟು ಮಂದಿಗೆ ಗಣಿತದ ಕೈ ತಪ್ಪಿರುತ್ತದೆ. ಮೊದಲು ಈ ಫೆಬ್ರವರಿಯ ಪರೀಕ್ಷೆ ಬರೆಯಲಿ, ಫಲಿತಾಂಶ ನೋಡಿ ಬಿ.ಎಡ್. ಯೋಚಿಸಲಿ.

ದಾರಿ ತಪ್ಪುವ ಜಾಗಗಳಲ್ಲಿ ದೊಡ್ಡದು ಎಂ.ಎಸ್ಸಿ. ಮುಗಿದ ಕೂಡಲೆ ಅತಿಥಿ ಉಪನ್ಯಾಸಕಿಯಾಗಿ ಸೇರಿ ಅಲ್ಲೇ ಉಳಿಯುವುದು. ಆ ವರ್ಷಗಳು ಮುಂದೆ ಅನುಭವದ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಎರಡನೆಯದು ಮಾರ್ಗದರ್ಶಕರ ಆಯ್ಕೆ. ಸಂಸ್ಥೆಯ ಹೆಸರಿಗೆ ಮರುಳಾಗದೆ, ಆ ಮಾರ್ಗದರ್ಶಕರ ಕೈಯಲ್ಲಿ ಹಿಂದಿನ ಐದು ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಪಿಎಚ್.ಡಿ. ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ಅವರನ್ನೇ ಕೇಳಬೇಕು. ಕೇಳುವುದರಲ್ಲಿ ಸಂಕೋಚ ಬೇಡ. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುವ ಪತ್ರಿಕೆಗಳ ಗೊಡವೆಗೆ ಹೋಗಲೇಬಾರದು, ನಲವತ್ತೈದನೇ ವಯಸ್ಸಿನಲ್ಲಿ ಆಯ್ಕೆ ಸಮಿತಿಯ ಮುಂದೆ ಅವು ತಿರುಗಿ ಕಚ್ಚುತ್ತವೆ.

ಖರ್ಚಿನ ಭಾರ ನೀವು ಅಂದುಕೊಂಡಷ್ಟು ಉದ್ದವಿಲ್ಲ. ಎಂ.ಎಸ್ಸಿ.ಯ ಎರಡು ವರ್ಷ ಮಾತ್ರ ನಿಮ್ಮ ಮೇಲೆ. ಸಿಎಸ್ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಈ ಓದಿಗೆ ತೋಟ ಅಡವಿಟ್ಟು ಸಾಲ ಮಾಡುವ ಪ್ರಮೇಯ ಬರಬಾರದು. ಬಂದರೆ ಆಯ್ದ ಕೋರ್ಸೇ ತಪ್ಪು ಎಂದು ತಿಳಿಯಿರಿ.

ಜಾಮ್ ಅರ್ಜಿಗೆ ಮೊದಲು ಒಂದು ಕಾಗದದ ಕೆಲಸವಿದೆ. ನೀವು ಹಿಂದುಳಿದ ವರ್ಗ ಅಥವಾ ಆರ್ಥಿಕ ದುರ್ಬಲ ವರ್ಗದ ಮೀಸಲಾತಿ ಕೇಳುವುದಾದರೆ, ನಾಡಕಚೇರಿಯಲ್ಲಿ ರಾಜ್ಯದ ಕೆಲಸಕ್ಕೆ ಕೊಡುವ ಜಾತಿ–ಆದಾಯ ಪ್ರಮಾಣಪತ್ರ ನಡೆಯುವುದಿಲ್ಲ, ಕೇಂದ್ರದ ನಮೂನೆಯದೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಜಾತಿಗಳು ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ. ಆರ್ಥಿಕ ದುರ್ಬಲ ವರ್ಗಕ್ಕೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು, ಕೃಷಿ ಭೂಮಿ 5 ಎಕರೆ ಮುಟ್ಟಬಾರದು. ಪಹಣಿಯಲ್ಲಿ ಅಜ್ಜನ ಹೆಸರಿನಲ್ಲಿ ಒಟ್ಟಾಗಿ ಉಳಿದಿರುವ ಜಮೀನು ಇದ್ದರೆ ತಹಶೀಲ್ದಾರರ ಕಚೇರಿಯಲ್ಲಿ ಪ್ರಶ್ನೆ ಏಳುತ್ತದೆ. ಸೆಪ್ಟೆಂಬರಿನ ಮಳೆಯಲ್ಲಿ ಶಿರಸಿಗೆ ಮೂರು ಸಲ ಓಡಾಡುವುದಕ್ಕಿಂತ, ಪಹಣಿ ಪ್ರತಿ ಹಿಡಿದು ಈಗಲೇ ಒಮ್ಮೆ ವಿಚಾರಿಸಿ ಬನ್ನಿ.